ಹಸುಗೂಸಿನ ಹಾಸಿಗೆ ಎಲ್ಲಿರಬೇಕು?

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ದೊಡ್ಡಬಳ್ಳಾಪುರದ ಮಗ್ಗದ ಓಣಿಯ ಯುವಕನೊಬ್ಬ ಓಡಿಬಂದ. ರಾತ್ರಿ ಪಾಳಿಯ ಕೆಲಸ ಮುಗಿಸಿ ಅವನು ಮನೆ ತಲುಪುವಷ್ಟರಲ್ಲಿ ಎರಡೂವರೆ ತಿಂಗಳ ಮಗಳು ಹಾಸಿಗೆಯಲ್ಲೇ ತಣ್ಣಗಾಗಿದ್ದಳು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ನಡುರಾತ್ರಿ ಹಾಲು ಕುಡಿದು ಮಲಗಿದ ಮಗು. ಆಸ್ಪತ್ರೆಗೆ ಒಯ್ದರೂ ವೈದ್ಯರಿಗೆ ಕಾರಣ ಹೇಳಲಾಗಲಿಲ್ಲ.

ಝುಹರಿಗೆ ಮೊದಲೇ ದಫನ ಮುಗಿಯಿತು. ಮರಳಿ ಆ ಮನೆಗೆ ಹೋದಾಗ ಮಗುವಿನ ದಾದಿ ನನ್ನನ್ನು ಬಾಗಿಲ ಬಳಿಗೆ ಕರೆದು ದನಿ ತಗ್ಗಿಸಿ ಕೇಳಿದರು: "ಹಜ್ರತ್, ಮಗು ನಮ್ಮಿಬ್ಬರ ನಡುವೆ ಮಲಗಿತ್ತು. ಸೊಸೆ ನಿದ್ದೆಯಲ್ಲಿ ಹೊರಳಿದಳೋ ಏನೋ. ಅವಳ ಮೇಲೆ ಕಫ್ಫಾರಾ ಬರುತ್ತದೆಯೇ?" ದನಿ ತಗ್ಗಿಸಿದ್ದರೂ ಒಳಗಿನ ಕೋಣೆಗೆ ಅದು ಕೇಳಿಸಿತು. ಆ ತಾಯಿ ಮುಖಕ್ಕೆ ಸೆರಗು ಒತ್ತಿಕೊಂಡಳು.

ಮದ್ರಸದಲ್ಲಿ 'ಹಿದಾಯ' ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. 12ನೇ ಶತಮಾನದ ಇಮಾಮ್ ಮರ್ಗೀನಾನಿಯವರ ಆ ಗ್ರಂಥದಲ್ಲಿ ಹತ್ಯೆಯ ಬಗೆಗಳನ್ನು ವಿಂಗಡಿಸುವಾಗ, ಪ್ರಮಾದಕ್ಕೆ ಸಮಾನವಾದ ಒಂದು ಬಗೆಯಿದೆ. ಅದಕ್ಕೆ ಕೊಡುವ ಉದಾಹರಣೆ, ನಿದ್ದೆಯಲ್ಲಿರುವವನು ಹೊರಳಿ ಇನ್ನೊಬ್ಬನ ಮೇಲೆ ಬಿದ್ದು ಅವನು ಸಾಯುವುದು. ಉದ್ದೇಶವಿಲ್ಲದಿದ್ದರೂ ಎಚ್ಚರ ತಪ್ಪಿದ್ದಕ್ಕೆ ಪ್ರಾಯಶ್ಚಿತ್ತವಿದೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತಿದ್ದೆ. ಫುಕಹಾಗಳು ಈ ಉದಾಹರಣೆಯನ್ನು ಸುಮ್ಮನೆ ಆರಿಸಿಕೊಂಡಿರಲಿಲ್ಲವೆಂದು ಅಂದು ಆ ಬಾಗಿಲಲ್ಲಿ ನಿಂತಾಗ ಅರಿವಾಯಿತು.

ಆದರೆ ಆ ಅಜ್ಜಿಗೆ ನಾನು ಕೊಟ್ಟ ಉತ್ತರ ಬೇರೆ. ಹೊರಳಿದ್ದನ್ನು ಯಾರೂ ಕಂಡಿಲ್ಲ, ವೈದ್ಯರೂ ಹಾಗೆಂದು ಹೇಳಿಲ್ಲ. ಸಂಶಯದ ಮೇಲೆ ಯಾರ ಕೊರಳಿಗೂ ಹೊಣೆ ಕಟ್ಟಲು ಶರೀಅತ್ ಬಿಡುವುದಿಲ್ಲ. ಯಾವ ಕಾರಣವೂ ತಿಳಿಯದೆ ನಿದ್ದೆಯಲ್ಲೇ ಹಸುಗೂಸುಗಳು ತೀರಿಕೊಳ್ಳುವುದು ಎಲ್ಲ ದೇಶಗಳಲ್ಲೂ ಇದೆ. ಹೆಚ್ಚಿನವು ಆರು ತಿಂಗಳೊಳಗೆ, ಅದರಲ್ಲೂ ಎರಡರಿಂದ ನಾಲ್ಕು ತಿಂಗಳ ನಡುವೆ. "ಅಮ್ಮಾ, ಇಂದು ಸೊಸೆಯ ಹತ್ತಿರ ಕುಳಿತುಕೊಳ್ಳಿ, ಈ ಮಾತನ್ನು ಮತ್ತೆ ಎತ್ತಬೇಡಿ" ಎಂದೆ. ಪ್ರವಾದಿವರ್ಯರು(ಸ) ತಮ್ಮ ಕೂಸು ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಕಣ್ಣೀರು ಸುರಿಸಿದರು. ಅಲ್ಲಾಹನಿಗೆ ಅಪ್ರಿಯವಾದುದನ್ನು ಮಾತ್ರ ನುಡಿಯಲಿಲ್ಲ, ಯಾರನ್ನೂ ದೂರಲೂ ಇಲ್ಲ.

ಹೋದ ಮಗುವಿನ ಮಾತು ಅಲ್ಲಿಗೆ ಮುಗಿಯಿತು. ಬರುವ ಮಕ್ಕಳ ಮಾತು ಮುಗಿಯಲಿಲ್ಲ. ಒಂಟೆಯನ್ನು ಕಟ್ಟಿ ಬಳಿಕ ಭರವಸೆಯಿಡುವಂತೆ ಕಲಿಸಿದ ಪ್ರವಾದಿ(ಸ)ಯವರ ಸಮುದಾಯದಲ್ಲಿ, ಮಗುವನ್ನು ಎಲ್ಲಿ, ಹೇಗೆ ಮಲಗಿಸಬೇಕೆಂಬುದು ಮಿಂಬರ್‌ನಿಂದಾಗಲಿ ಮದ್ರಸದಲ್ಲಾಗಲಿ ಕೇಳಿಬರುವುದಿಲ್ಲ. ಅಖೀಖಾದ ಕುರಿಗೆ ಎಷ್ಟು ವಯಸ್ಸಾಗಿರಬೇಕೆಂದು ಕೇಳಲು ವರ್ಷಕ್ಕೆ ಇಪ್ಪತ್ತು ಮಂದಿ ನನ್ನ ಬಳಿ ಬರುತ್ತಾರೆ. ಹಾಸಿಗೆಯ ಬಗ್ಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ ಎಂಬುದು ನಿಜ. ಆ ಬಳಿಕ ಮಕ್ಕಳ ವೈದ್ಯರೊಬ್ಬರ ಬಳಿಯೂ ನಮ್ಮ ಓಣಿಯ ಆಶಾ ಕಾರ್ಯಕರ್ತೆಯ ಬಳಿಯೂ ಕುಳಿತು ತಿಳಿದುಕೊಂಡೆ, ಓದಿಕೊಂಡೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದುದು, ಮಗುವನ್ನು ಅಂಗಾತ ಮಲಗಿಸಬೇಕು. ರಾತ್ರಿಯ ನಿದ್ದೆಗೂ ಸರಿ, ಹಗಲಿನ ಅರ್ಧ ಗಂಟೆಯ ನಿದ್ದೆಗೂ ಸರಿ. ಬೋರಲಾಗಿ ಬೇಡ, ಮಗ್ಗುಲಾಗಿಯೂ ಬೇಡ. ಮಗ್ಗುಲಲ್ಲಿ ಮಲಗಿದ ಕೂಸು ಸುಲಭವಾಗಿ ಬೋರಲಾಗುತ್ತದೆ. ಹಿರಿಯರು ತಕ್ಷಣ ಕೇಳುವ ಪ್ರಶ್ನೆ ನನಗೆ ಗೊತ್ತು: ಅಂಗಾತ ಮಲಗಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವೇ? ವೈದ್ಯರು ನನಗೆ ಇದನ್ನು ಕೈಸನ್ನೆಯಲ್ಲೇ ವಿವರಿಸಿದರು. ಅಂಗಾತ ಮಲಗಿದಾಗ ಉಸಿರಿನ ನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ. ಮೇಲೆ ಬಂದ ಹಾಲು ಉಸಿರಿನ ನಾಳ ಸೇರಬೇಕಾದರೆ ಏರಬೇಕಾಗುತ್ತದೆ. ಬೋರಲಾದಾಗ ಇದೇ ತಲೆಕೆಳಗಾಗುತ್ತದೆ.

ಈ ವಿಷಯದಲ್ಲಿ ಎಡವಿದವರು ನಮ್ಮ ಅಜ್ಜಿಯರಷ್ಟೇ ಅಲ್ಲ. ಅಮೆರಿಕದ ಹೆಸರಾಂತ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಅವರು ಕೋಟ್ಯಂತರ ತಾಯಂದಿರು ಓದಿದ ತಮ್ಮ ಪುಸ್ತಕದ 1958ರ ಆವೃತ್ತಿಯಲ್ಲಿ ಮಗುವನ್ನು ಬೋರಲಾಗಿ ಮಲಗಿಸುವಂತೆ ಸಲಹೆಯಿತ್ತರು. ಅವರ ಭಯವೂ ಹಾಲು ಕಕ್ಕುವುದರದ್ದೇ. ದಶಕಗಳ ಕಾಲ ಪಶ್ಚಿಮದ ಮನೆಗಳು ಅದನ್ನೇ ಪಾಲಿಸಿದವು. 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ಸಂಶೋಧಕರು, ಬೋರಲು ಮಲಗಿಸುವುದು ಅಪಾಯವೆಂಬ ಪುರಾವೆ 1970ರ ಸುಮಾರಿಗೇ ಸಿಗುತ್ತಿತ್ತೆಂದೂ, ಅದನ್ನು ಆಗಲೇ ಗಮನಿಸಿದ್ದರೆ ಸಾವಿರಾರು ಕೂಸುಗಳು ಉಳಿಯುತ್ತಿದ್ದುವೆಂದೂ ಬರೆದರು. ಬ್ರಿಟನ್ನಿನಲ್ಲಿ 1991ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಆರಂಭವಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ತನ್ನ ಸಲಹೆ ಬದಲಿಸಿತು, 1994ರಲ್ಲಿ ಅಲ್ಲಿ ದೇಶವ್ಯಾಪಿ ಪ್ರಚಾರ ನಡೆಯಿತು. ಆ ಬಳಿಕ ಅಂತಹ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ದೊಡ್ಡ ವೈದ್ಯರೇ ಮಾತು ತಿದ್ದಿಕೊಂಡಿರುವಾಗ, ಸೊಸೆಯೋ ಆಶಾ ಕಾರ್ಯಕರ್ತೆಯೋ ಹೇಳಿದ್ದನ್ನು ಕೇಳಿದರೆ ನಮ್ಮ ದಾದಿ ನಾನಿಯರ ಗೌರವವೇನೂ ಕುಂದುವುದಿಲ್ಲ.

ಇನ್ನು ಹಾಸಿಗೆ. ಅದು ಗಟ್ಟಿಯಾಗಿ ಸಮತಟ್ಟಾಗಿರಬೇಕು. ಮೆತ್ತಗಿನ ಹತ್ತಿ ಹಾಸಿಗೆಯಲ್ಲಿ ಮಗುವಿನ ಮುಖ ಹೂತುಹೋದರೆ, ತಲೆ ಎತ್ತಿ ಬಿಡಿಸಿಕೊಳ್ಳಲು ಅದರ ಕತ್ತಿಗೆ ಬಲವಿಲ್ಲ. ತಲೆ ದುಂಡಾಗಲೆಂದು ಇಡುವ ಸಾಸಿವೆ ದಿಂಬು, ಬೀಳದಿರಲೆಂದು ಎರಡೂ ಬದಿಗೆ ಒತ್ತುವ ದಿಂಬುಗಳು, ನೆಂಟರು ತಂದ ಮೆತ್ತನೆಯ ಗೊಂಬೆ, ದಪ್ಪ ರಗ್ಗು, ಇವೆಲ್ಲ ಮಗು ಎಚ್ಚರವಿರುವಾಗ ನೋಡಲು ಚೆಂದ. ನಿದ್ದೆಯ ಜಾಗದಲ್ಲಿ ಬೇಡ. ತಲೆಯ ಆಕಾರದ ಚಿಂತೆಯಿದ್ದರೆ, ಮಗು ಎಚ್ಚರವಿರುವಾಗ ದೊಡ್ಡವರ ಕಣ್ಣೆದುರು ಸ್ವಲ್ಪ ಹೊತ್ತು ಬೋರಲು ಮಲಗಿಸಿ ಆಡಿಸಬೇಕು. ಕತ್ತಿಗೂ ಬಲ ಬರುತ್ತದೆ.

ಎಲ್ಲಿ ಎಂಬ ಪ್ರಶ್ನೆಗೆ ವೈದ್ಯರ ಉತ್ತರ: ತಾಯಿ ಮಲಗುವ ಕೋಣೆಯಲ್ಲೇ, ಆಕೆಯ ಕೈಗೆಟುಕುವಷ್ಟು ಹತ್ತಿರ, ಆದರೆ ಮಗುವಿಗೆ ಅದರದ್ದೇ ಹಾಸಿಗೆ. ಕನಿಷ್ಠ ಆರು ತಿಂಗಳು ಹೀಗೆ. ಇದನ್ನು ಕೇಳಿದಾಗ ನನಗೆ ನಗು ಬಂತು. ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ಹಿಂದಿನ ಕೋಣೆಯಲ್ಲಿ ಆರೇಳು ಮಂದಿ ಮಲಗುವ ಮನೆಗಳವು. ದೊಡ್ಡಬಳ್ಳಾಪುರದಲ್ಲಷ್ಟೇ ಅಲ್ಲ, ರೇಷ್ಮೆಯ ಕೆಲಸ ನಡೆಯುವ ವಿಜಯಪುರದ ಓಣಿಗಳಲ್ಲೂ ಇದೇ ಕಥೆ. ಅಲ್ಲಿ ಮಗುವಿಗೆ ಬೇರೆ ಮಂಚ ಎಲ್ಲಿಂದ ತರುವುದು?

ಆದರೆ ಮಂಚ ಬೇಕಾಗಿಯೇ ಇಲ್ಲ. ನೆಲದಲ್ಲಿ ಮಲಗುವ ನಮ್ಮ ರೂಢಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮಗು ಬೀಳುವ ಭಯವಿಲ್ಲ, ಮಂಚ ಗೋಡೆಗಳ ನಡುವಿನ ಸಂದಿಯಲ್ಲಿ ಸಿಕ್ಕುವ ಭಯವೂ ಇಲ್ಲ. ಚಾಪೆಯ ಮೇಲೆ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಒಂದು ಹತ್ತಿಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಹಾಸಿದರೆ ಹಾಸಿಗೆ ಸಿದ್ಧ. ತಾಯಿಯ ಒಂದು ಬದಿಯಲ್ಲಿ ಅದಿರಲಿ, ಇಬ್ಬರ ನಡುವೆ ಬೇಡ. ಅಣ್ಣ ಅಕ್ಕಂದಿರು ತಾಯಿಯ ಇನ್ನೊಂದು ಬದಿಗೆ ಮಲಗಲಿ. ತಾಯಿಯ ಕಂಬಳಿ ಮಗುವಿನ ಮೇಲೆ ಬರಬಾರದು.

ಜಾಗ ತೀರ ಇಕ್ಕಟ್ಟಾದರೆ ಬುಟ್ಟಿಯಿದೆ. ನ್ಯೂಝಿಲೆಂಡಿನ ಮಾವೊರಿ ಜನರಲ್ಲಿ ಕೂಸನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುವ ರೂಢಿ ನಮ್ಮಂತೆಯೇ ಇದೆ, ಹಾಸಿಗೆಯಲ್ಲಿ ಸಾಯುವ ಕೂಸುಗಳೂ ಅವರಲ್ಲಿ ಹೆಚ್ಚಾಗಿದ್ದವು. ಪಕ್ಕದಲ್ಲಿ ಮಲಗಿಸಬೇಡಿ ಎಂಬ ಬರಿಯ ಉಪದೇಶ ಕೆಲಸ ಮಾಡಲಿಲ್ಲ. 2006ರ ಸುಮಾರಿಗೆ ಡೇವಿಡ್ ಟಿಪೀನ್ ಲೀಚ್ ಎಂಬ ಮಾವೊರಿ ವೈದ್ಯರೂ ಅಲ್ಲಿಯ ನೇಯ್ಗೆಯವರೂ ಸೇರಿ, ನಾರಿನಿಂದ ಹೆಣೆದ ಚಪ್ಪಟೆ ತಳದ ಬುಟ್ಟಿಯೊಂದನ್ನು ರೂಪಿಸಿದರು. 'ವಹಕುರ' ಎಂದು ಅದರ ಹೆಸರು. ಬುಟ್ಟಿ ತಾಯಿಯ ಹಾಸಿಗೆಯಲ್ಲೇ ಇರುತ್ತದೆ, ಮಗು ಬುಟ್ಟಿಯೊಳಗಿರುತ್ತದೆ. ಯಾರು ಹೊರಳಿದರೂ ನಡುವೆ ಅಂಚೊಂದಿರುತ್ತದೆ. ಫಿನ್ಲೆಂಡಿನಲ್ಲಿ ಸರಕಾರ 1938ರಿಂದ ಬಡ ತಾಯಂದಿರಿಗೂ 1949ರಿಂದ ಎಲ್ಲ ತಾಯಂದಿರಿಗೂ ಮಗುವಿನ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆ ಕೊಡುತ್ತಿದೆ. ತಳದಲ್ಲಿ ಪುಟ್ಟ ಹಾಸಿಗೆಯಿರುವ ಆ ಪೆಟ್ಟಿಗೆಯೇ ಎಷ್ಟೋ ಮಕ್ಕಳ ಮೊದಲ ಮಲಗುವ ಜಾಗ. ಮೂಸಾ(ಅ)ರವರ ತಾಯಿಗೆ ಕೂಸನ್ನು ಪೆಟ್ಟಿಗೆಯಲ್ಲಿಡಲು ಅಲ್ಲಾಹನೇ ತೋರಿಸಿಕೊಟ್ಟುದನ್ನು ಕುರ್‌ಆನ್ ಓದುವ ನಮಗೆ ಹೇಳಬೇಕಾಗಿಲ್ಲ. ನಮ್ಮ ಸಂತೆಗಳಲ್ಲಿ ಸಿಗುವ ಬಿದಿರಿನ ಬುಟ್ಟಿಯೂ ಆಗುತ್ತದೆ. ತಳ ಅಗಲವಾಗಿ ಚಪ್ಪಟೆಯಾಗಿರಬೇಕು, ಒಳಗೆ ಸಿಬಿರು ಏಳದಿರಬೇಕು, ಬುಟ್ಟಿ ನೆಲದ ಮೇಲೇ ಇರಬೇಕು.

ಜೋಲಿಯ ಮಾತೆತ್ತಿದರೆ ಹೆಂಗಸರು ನನ್ನ ಮೇಲೆ ಸಿಟ್ಟಾಗುತ್ತಾರೆ. ಬಿ.ಎ. ತರಗತಿಯಲ್ಲಿ ಜನಪದ ಜೋಗುಳಗಳನ್ನು ಆಸೆಯಿಂದ ಓದಿದವನು ನಾನು, ತೂಗುವುದರ ಮೇಲೆ ನನಗೆ ದ್ವೇಷವಿಲ್ಲ. ಸೀರೆಯ ಜೋಲಿಯಲ್ಲಿ ಮಗುವಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗಲ್ಲ ಎದೆಗೆ ಒತ್ತುತ್ತದೆ. ಹಸುಗೂಸಿನ ಉಸಿರಿನ ನಾಳ ಮೆದು, ಹಾಗೆ ಮಡಚಿದಾಗ ಅದು ಕಿರಿದಾಗುತ್ತದೆ. ಬಟ್ಟೆ ಎರಡೂ ಕಡೆಯಿಂದ ಮುಖಕ್ಕೆ ಮುಚ್ಚಿಕೊಂಡರೆ ಹೊರಗಿನವರಿಗೆ ಕಾಣುವುದೂ ಇಲ್ಲ. ಮಗು ದೊಡ್ಡದಾಗಿ ಹೊರಳತೊಡಗಿದ ಮೇಲೆ ಬೀಳುವ, ಕೊರಳಿಗೆ ಬಟ್ಟೆ ಸುತ್ತಿಕೊಳ್ಳುವ ಅಪಾಯ ಬೇರೆ. ಆದುದರಿಂದ ಅಳು ನಿಲ್ಲಿಸಲು ತೂಗುವುದಾದರೆ ಎಚ್ಚರವಿರುವವರೊಬ್ಬರು ಮುಖ ಕಾಣುವಂತೆ ಪಕ್ಕದಲ್ಲೇ ನಿಂತಿರಲಿ. ಕಣ್ಣು ಮುಚ್ಚಿದೊಡನೆ ಎತ್ತಿ ಸಮತಟ್ಟು ಹಾಸಿಗೆಗೆ ತರಲಿ. ಎತ್ತಿದರೆ ಏಳುತ್ತದೆ ಎಂಬುದು ನಿಜ. ಎದ್ದರೆ ಏಳಲಿ.

ಹೊಗೆಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಡುಸಾಗಿಯೇ ಹೇಳುತ್ತೇನೆ. ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ, ಮೇಲೆ ಲೋಬಾನ, ಮೂಲೆಯಲ್ಲಿ ಸೊಳ್ಳೆ ಬತ್ತಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮದೀನದಲ್ಲಿ ರಾತ್ರಿ ಮನೆಯೊಂದು ಮನೆಯವರ ಮೇಲೆಯೇ ಉರಿದುಹೋದಾಗ, ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ಆರಿಸಿರೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿ ಇನ್ನೊಂದು ಘಟನೆಯಿದೆ. ಮಗು ಇಬ್ರಾಹೀಮರನ್ನು ಹಾಲೂಡಿಸುತ್ತಿದ್ದಾಕೆಯ ಪತಿ ಅಬೂ ಸೈಫ್ ಕಮ್ಮಾರರು. ಪ್ರವಾದಿ(ಸ) ಮಗುವನ್ನು ನೋಡಲು ಹೊರಟಾಗ ಅವರು ತಿದಿ ಒತ್ತುತ್ತಿದ್ದರು, ಮನೆ ತುಂಬ ಹೊಗೆ. ಅನಸ್(ರ) ಮುಂದೆ ಓಡಿಹೋಗಿ ಅದನ್ನು ನಿಲ್ಲಿಸಿದರು. ನಮ್ಮಲ್ಲೂ ಯಾರಾದರೂ ಮುಂದೆ ಓಡಿ ಹೊಗೆ ನಿಲ್ಲಿಸಬೇಕಾಗಿದೆ. ಸೊಳ್ಳೆಗೆ ಬತ್ತಿಗಿಂತ ಪರದೆ ಮೇಲು. ಮಗು ಎಳೆಯಲಾಗದಂತೆ ಅದನ್ನು ಬಿಗಿಯಾಗಿ ಕಟ್ಟಬೇಕಷ್ಟೆ. ಬೀಡಿ ಸೇದುವ ತಂದೆ ಅಂಗಳದಲ್ಲಿ ಸೇದಿ ಬಂದರೂ ಸಾಲದು. ಸೇದುವವರ ಪಕ್ಕದಲ್ಲಿ ಮಲಗಿದ ಕೂಸಿಗೆ ಅಪಾಯ ಹೆಚ್ಚೆಂದು ವೈದ್ಯರು ಒಕ್ಕೊರಲಿನಿಂದ ಹೇಳುತ್ತಾರೆ.

ಡಿಸೆಂಬರ್ ಜನವರಿಯಲ್ಲಿ ನಮ್ಮ ಕಡೆ ಚಳಿಯಿದೆ, ಒಪ್ಪಿದೆ. ನಾವು ತೊಟ್ಟಿದ್ದಕ್ಕಿಂತ ಒಂದು ಪದರ ಹೆಚ್ಚು ಮಗುವಿಗೆ ಸಾಕು. ಕೈಕಾಲು ಮುಟ್ಟಿ ನೋಡಬಾರದು, ಅವು ತಣ್ಣಗೇ ಇರುತ್ತವೆ. ಎದೆ ಮುಟ್ಟಬೇಕು. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ತೆಗೆಯಬೇಕು. ಹುಟ್ಟಿದ ಮೊದಲ ದಿನಗಳು ಕಳೆದ ಮೇಲೆ, ಮನೆಯೊಳಗೆ ಮಲಗುವಾಗ ಕುಲಾವಿ ಬೇಡ. ಜಾರಿ ಮೂಗಿಗೆ ಬರುತ್ತದೆ.

ಜಿನ್ನುಗಳ ಭಯದಿಂದ ಹಾಸಿಗೆಯಡಿ ಚಾಕು ಇಡುವ, ಕೊರಳಿಗೆ ಉದ್ದದ ದಾರದಲ್ಲಿ ತಾವೀಜ್ ಕಟ್ಟುವ ಮನೆಗಳನ್ನು ಇಂದಿಗೂ ನೋಡುತ್ತೇನೆ. ದಾರ ಕುತ್ತಿಗೆಗೆ ಬಿಗಿಯಬಹುದು, ಚಾಕು ಚಾಕುವೇ. ಪ್ರವಾದಿವರ್ಯರು(ಸ) ಮೊಮ್ಮಕ್ಕಳಾದ ಹಸನ್ ಮತ್ತು ಹುಸೈನ್(ರ)ರಿಗಾಗಿ ಅಲ್ಲಾಹನ ಅಭಯ ಬೇಡುತ್ತಿದ್ದ ದುಆ ಬುಖಾರಿಯಲ್ಲಿದೆ. ಅದೇ ಪದಗಳಿಂದ ಇಬ್ರಾಹೀಮ್(ಅ) ತಮ್ಮ ಮಕ್ಕಳಿಗಾಗಿ ಬೇಡುತ್ತಿದ್ದರು. ಅದನ್ನು ಕಲಿತು ಮಗುವಿನ ಬಳಿ ಓದಲು ಐದು ನಿಮಿಷ ಬೇಡ.

ಕೊನೆಗೆ ಎಲ್ಲವೂ ತಾಯಿಯ ನಿದ್ದೆಗೆ ಬಂದು ನಿಲ್ಲುತ್ತದೆ. ರಾತ್ರಿ ನಾಲ್ಕೈದು ಬಾರಿ ಏಳುವ ಬಾಣಂತಿ ಹಾಲೂಡಿಸುತ್ತಲೇ ಕಣ್ಣು ಮುಚ್ಚಿದರೆ ಅದು ಆಕೆಯ ತಪ್ಪಲ್ಲ. ಎದೆಹಾಲು ಮಗುವಿಗೆ ಈ ಅಪಾಯದಿಂದಲೂ ರಕ್ಷಣೆ, ಅದನ್ನು ನಿಲ್ಲಿಸುವ ಮಾತೇ ಇಲ್ಲ. ಹಾಲು ಮುಗಿದ ಮೇಲೆ ಮಗುವನ್ನು ಅದರ ಹಾಸಿಗೆಗೆ ಸೇರಿಸಲು ಇನ್ನೊಬ್ಬರು ಏಳಬೇಕು. ಪತಿ ಮನೆಯಲ್ಲಿದ್ದರೆ ಪತಿ, ಪಾಳಿಯಲ್ಲಿದ್ದರೆ ಅತ್ತೆ ಅಥವಾ ನಾದಿನಿ. ಕೂಸಿನ ಅಳು ಕೇಳಿ, ತಾಯಿಗೆ ಕಷ್ಟವಾದೀತೆಂದು ನಮಾಝನ್ನೇ ಚುಟುಕುಗೊಳಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಾದ ಗಂಡಸರು ರಾತ್ರಿ ಒಮ್ಮೆ ಏಳುವುದು ದೊಡ್ಡದೇನಲ್ಲ. ನಿದ್ದೆ ಬರಿಸುವ ಔಷಧ ತೆಗೆದುಕೊಂಡ ತಾಯಿ ಮಗುವಿನೊಂದಿಗೆ ಒಂದೇ ಹಾಸಿಗೆಯಲ್ಲಿ ಮಲಗಲೇಬಾರದು. ದಿನ ತುಂಬದೆ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಂತಹ ಮಗುವನ್ನು ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯದ ಬೊಗೋಟಾದಲ್ಲಿ ಆರಂಭವಾಗಿ ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಒಳ್ಳೆಯ ಫಲ ಕೊಟ್ಟಿದೆ. ಅದನ್ನು ಆಸ್ಪತ್ರೆಯವರಿಂದ ಕಲಿತೇ ಮಾಡಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಅವರು ಬಂದಾಗ ಮಗುವನ್ನು ಹೊರಗೆ ಎತ್ತಿಕೊಂಡು ಬಂದು ತೋರಿಸಿ ಕಳುಹಿಸುವವರೇ ಹೆಚ್ಚು. ಒಳಗೆ ಕರೆದು ಮಲಗಿಸುವ ಜಾಗವನ್ನೂ ತೋರಿಸಿ.

ಮೊನ್ನೆ ಆ ಮಗ್ಗದ ಮನೆಗೆ ಮತ್ತೆ ಹೋಗಿದ್ದೆ. ಕಿರಿಯ ಸೊಸೆಗೆ ಗಂಡುಮಗು. ಚಾಪೆಯ ಗೋಡೆಬದಿಗೆ ಚಪ್ಪಟೆ ಬುಟ್ಟಿ, ಅದರೊಳಗೆ ಮಡಿಸಿದ ಜಮಖಾನ, ದಿಂಬಿಲ್ಲ. ದಾದಿ ಕೇಳಿದರು: "ಹಜ್ರತ್, ಮಗು ತಾನಾಗಿಯೇ ಬೋರಲು ಬೀಳಲು ಕಲಿತ ಮೇಲೆ ರಾತ್ರಿಯೆಲ್ಲ ಎದ್ದು ಅಂಗಾತ ಮಾಡುತ್ತಾ ಕೂರಬೇಕೇ?" ಬೇಡ. ಮಲಗಿಸುವಾಗ ಅಂಗಾತ ಮಲಗಿಸಿದರೆ ಸಾಕು. ಎರಡೂ ಕಡೆಗೆ ತಾನೇ ಹೊರಳಬಲ್ಲ ಮಗುವನ್ನು ಅದರ ಪಾಡಿಗೆ ಬಿಡಬಹುದು. ಆದರೆ ಹೊರಳತೊಡಗಿದ ಮೇಲೆ ಬುಟ್ಟಿ ಸಾಲದು, ಮಗುವನ್ನು ನೆಲದ ಜಮಖಾನಕ್ಕೇ ಇಳಿಸಬೇಕು.