ಬೈದರೆ ಹಾಡಿನಾಗ ಬೈರಿ

ನಿಮ್ಮ ಹಾಡಿನ ಮೇಳದ ಮೇಲೆ ದೂರು ಬಂದಿದೆ, ತಮ್ಮಾ. ಎದುರಿನ ಮೇಳದವರನ್ನು ನೀವು ಬಾಯಿಗೆ ಬಂದಂತೆ ಬೈದಿರಂತೆ. ಹುಡುಗರಿಗೆ ನಾಲ್ಕು ಬುದ್ಧಿಮಾತು ಹೇಳಿ ಅಂತ ಜಾತ್ರೆ ಕಮಿಟಿಯವರು ನನ್ನ ಹತ್ತಿರ ಬಂದಿದ್ದರು. ಬೈದದ್ದಕ್ಕೆ ನನ್ನ ತಕರಾರಿಲ್ಲ. ಹರದೇಶಿ, ನಾಗೇಶಿ ಅಂತ ಎರಡು ಪಕ್ಷ ಕಟ್ಟಿಕೊಂಡು ಎದುರುಬದುರು ನಿಂತವರು ಬೈಯದೆ ಆರತಿ ಎತ್ತುತ್ತಾರೇನು? ಆದರೆ ಕಟ್ಟೆಯ ಮೇಲೆ ಅವರು ಸವಾಲು ಹಾಕಿದಾಗ ನೀವು ತಾಳ ತಿಕ್ಕುತ್ತ ಕೂತಿರಿ. ಬೆಳಗಾದ ಮೇಲೆ ಮನೆಗೆ ಹೋಗಿ ಮೊಬೈಲಿನ ಮುಂದೆ ವಿಡಿಯೋ ಮಾಡಿ ಶೂರರಾದಿರಿ. ಅದೂ ಬರೀ ಮಾತಿನಲ್ಲಿ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಅನ್ನುವವರು. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಅನ್ನುವವರು. ಹರದೇಶಿಯವರ ಗುರುತು ತುರಾಯಿ, ನಾಗೇಶಿಯವರದು ಕಲ್ಗಿ. ಗಡಿಯಾಚೆ ಮರಾಠಿ ಶಾಹೀರರಲ್ಲೂ ಕಲ್ಗಿ-ತುರಾದ ಹೆಸರಿನಲ್ಲಿ ಇದೇ ಜಗಳ ನಡೆದು ಬಂದಿದೆ. ಕೈಯಲ್ಲಿ ಒಂದು ದಪ್ಪು, ಹಿಮ್ಮೇಳಕ್ಕೆ ತುಂತುಣಿ ಮತ್ತು ತಾಳ, ಜೀ ಅಂತ ಸೊಲ್ಲು ಎತ್ತಲು ಒಬ್ಬಿಬ್ಬರು. ಇಷ್ಟೇ ಸಾಮಾನು. ಇಷ್ಟರ ಮೇಲೆ ರಾತ್ರಿಯಿಡೀ ಜಗಳ ನಡೆಯಬೇಕಾದರೆ ತಲೆಯಲ್ಲಿ ಎಷ್ಟು ಸರಕು ಇರಬೇಕು, ಲೆಕ್ಕ ಹಾಕು.

ನಾಗೇಶಿಯವಳು ಎದ್ದು ಕೇಳುತ್ತಾಳೆ: ಗಣಪತಿಯನ್ನು ಮಾಡಿದವರು ಯಾರು? ಪಾರ್ವತಿ ತನ್ನ ಮೈಮಣ್ಣು ತೆಗೆದು ಮಾಡಿದಳು. ನಿಮ್ಮ ಶಿವ ಆಗ ಎಲ್ಲಿದ್ದ? ಹೆಣ್ಣುಮಕ್ಕಳ ಕಡೆಯಿಂದ ನಗೆ ಏಳುತ್ತದೆ. ಇಲ್ಲಿ ಹರದೇಶಿಯವನಿಗೆ ಸಿಟ್ಟು ಬಂದರೆ ಸೋತ. ಬಲ್ಲವನಾದರೆ ಅದೇ ಕಥೆಯನ್ನು ಮುಂದಕ್ಕೆ ಎಳೆಯುತ್ತಾನೆ: ಮಾಡಿದ್ದು ನಿಮ್ಮಾಕೆ, ಖರೆ, ತಲೆ ಹೋದಾಗ ಆನೆಯ ತಲೆ ಇಟ್ಟು ಎಬ್ಬಿಸಿದವರು ಯಾರು? ಆಕೆ ಬಿಡುತ್ತಾಳೇನು: ಆ ತಲೆ ಕಡಿದವರು ಯಾರಪ್ಪಾ, ಅದನ್ನೂ ಹೇಳು! ಮಾತು ಬೀಜ ದೊಡ್ಡದೋ ಭೂಮಿ ದೊಡ್ಡದೋ ಅನ್ನುವಲ್ಲಿಗೆ ಬರುವ ಹೊತ್ತಿಗೆ ಮೂಡಣ ಕೆಂಪಾಗಿರುತ್ತದೆ, ಒಬ್ಬರೂ ಎದ್ದು ಹೋಗಿರುವುದಿಲ್ಲ.

ಇದರಲ್ಲಿ ಒಂದು ಕಟ್ಟು ಇದೆ, ನಿಮಗೆ ಯಾರೂ ಹೇಳಿಕೊಟ್ಟಂತಿಲ್ಲ. ಎದುರಿನವರು ಯಾವ ಮಟ್ಟಿನಲ್ಲಿ ಸವಾಲು ಹಾಕಿದರೋ ಅದೇ ಮಟ್ಟಿನಲ್ಲಿ ಜವಾಬು ಕೊಡಬೇಕು. ಅವರ ಪಲ್ಲ, ಅವರ ಚಾಲ, ಅವರ ಏರಿಳಿತ ನಿನ್ನ ಗಂಟಲಲ್ಲೂ ಕೂತಿರಬೇಕು. ಅಂದರೆ ವೈರಿಯ ಹಾಡನ್ನು ವೈರಿಗಿಂತ ಚೆನ್ನಾಗಿ ಕಲಿಯದೆ ಅವನನ್ನು ಬೈಯಲು ನಿನಗೆ ಅಧಿಕಾರವೇ ಇಲ್ಲ. ನನ್ನ ಕಾಲದ ಹರದೇಶಿ ಹಾಡುಗಾರರಿಗೆ ನಾಗೇಶಿ ಪದಗಳೂ ಬಾಯಿಪಾಠ ಇರುತ್ತಿದ್ದವು. ನಿಮ್ಮಲ್ಲಿ ಎಷ್ಟು ಜನರಿಗೆ ಎದುರಿನವರ ಒಂದು ಪದ ಪೂರಾ ಬರುತ್ತದೆ?

ಇನ್ನೊಂದು ಕಟ್ಟು ಕೊನೆಯ ನುಡಿಯದು. ಅಲ್ಲಿ ಊರಿನ ಹೆಸರು ಬರುತ್ತದೆ, ಗುರುವಿನ ಹೆಸರು ಬರುತ್ತದೆ, ಪದ ಕಟ್ಟಿದವನ ಹೆಸರು ಬರುತ್ತದೆ. ಮೇಲಿನ ನುಡಿಗಳಲ್ಲಿ ಯಾರನ್ನು ಏನೆಂದು ಹೀಯಾಳಿಸಿದರೂ ಕೆಳಗೆ ರುಜು ಹಾಕಲೇಬೇಕು. ನಮ್ಮೂರು ಕೊಲ್ಹಾರದ ಹೆಸರು ಹಾಕಿ ಹೊಲಸು ಹಾಡಿದರೆ ಮರುದಿನ ಊರವರೇ ನಿಲ್ಲಿಸಿ ಕೇಳುತ್ತಿದ್ದರು. ನಿಮ್ಮ ವಿಡಿಯೋದಲ್ಲಿ ಮುಖವೂ ಇಲ್ಲ, ಹೆಸರೂ ಇಲ್ಲ, ಯಾರನ್ನು ಕೇಳಬೇಕು?

ಹಿಂದಿನದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಜವಾಬು ಸಿಗದಾಗ ಎದುರಿನವರ ಜಾತಿಗೆ, ಮನೆತನಕ್ಕೆ ಕೈ ಹಾಕಿದವರು ಆಗಲೂ ಇದ್ದರು. ನಾಗೇಶಿ ಹಾಡಲು ಹೆಣ್ಣುಮಕ್ಕಳು ನಿಂತ ಮೇಲಂತೂ ಶಕ್ತಿಯ ಮೇಲಿನ ವಾದ ಬಿಟ್ಟು ಆ ಹಾಡುಗಾರ್ತಿಯ ಸೀರೆ, ನಡತೆ, ಗಂಡನ ಮೇಲೆ ನಾಲಗೆ ಹರಿಬಿಟ್ಟವರನ್ನು ನಾನೇ ಕೇಳಿದ್ದೇನೆ. ಜನ ಸಿಳ್ಳೆ ಹೊಡೆದರು, ಆಯೇರಿಯನ್ನೂ ಮಾಡಿದರು. ಸಿಳ್ಳೆ ಬಿದ್ದಿತು ಅಂತ ಅದನ್ನು ಜವಾಬು ಅನ್ನಲು ನಾನಂತೂ ತಯಾರಿಲ್ಲ. ನಿಮ್ಮ ವಿಡಿಯೋದಲ್ಲೂ ಎದುರಿನ ಮೇಳದ ಹಾಡುಗಾರ್ತಿ ತಾಯಿಯ ವಯಸ್ಸಿನ ಮೇಲೆ ಒಂದು ಮಾತಿದೆ. ಅದನ್ನು ಇವತ್ತೇ ತೆಗೆಯಿರಿ. ಉಳಿದದ್ದು ಆಮೇಲೆ.

ಬೆಂಗಳೂರಿನಲ್ಲಿ ಗಿಟಾರು ಬಾರಿಸುವ ನನ್ನ ಮೊಮ್ಮಗನಿಗೆ ಈ ಜಗಳ ಹೇಳಿದಾಗ ಅವನು ನಕ್ಕು, ಅಜ್ಜಾ, 1960ರ ದಶಕದಲ್ಲಿ ಇಂಗ್ಲೆಂಡಿನಲ್ಲೂ ಇದೇ ನಡೆದಿತ್ತು ಅಂದ. ಬೀಟಲ್ಸ್ ಒಂದು ಕಡೆ, ರೋಲಿಂಗ್ ಸ್ಟೋನ್ಸ್ ಇನ್ನೊಂದು ಕಡೆ, ಹುಡುಗರೆಲ್ಲ ಎರಡು ಪಾಲು. ಒಳಗಿನ ಕಥೆ ಬೇರೆಯೇ ಇತ್ತು. ಸ್ಟೋನ್ಸ್ ಮೇಳವನ್ನು ತೆಗೆದುಕೊಳ್ಳಿ ಅಂತ ಡೆಕ್ಕಾ ರೆಕಾರ್ಡ್ ಕಂಪನಿಯವರಿಗೆ ಶಿಫಾರಸು ಮಾಡಿದವನು ಬೀಟಲ್ಸಿನ ಜಾರ್ಜ್ ಹ್ಯಾರಿಸನ್. 1963ರಲ್ಲಿ ಅದೇ ಬೀಟಲ್ಸಿನ ಲೆನನ್ ಮತ್ತು ಮೆಕಾರ್ಟ್ನಿ ಇಬ್ಬರೂ ತಾವು ಕಟ್ಟಿದ ಒಂದು ಹಾಡನ್ನೇ ಸ್ಟೋನ್ಸಿಗೆ ಕೊಟ್ಟರು. ಅವರಿಗೆ ಮೊದಮೊದಲು ಹೆಸರು ತಂದ ಹಾಡುಗಳಲ್ಲಿ ಅದೂ ಒಂದು. ಒಬ್ಬರ ಹಾಡಿನ ತಟ್ಟೆ ಬಿಡುಗಡೆಯಾಗುವ ಹೊತ್ತಿಗೆ ಇನ್ನೊಬ್ಬರದು ಅಡ್ಡ ಬರದಂತೆ ಮಾತಾಡಿಕೊಳ್ಳುತ್ತಿದ್ದರಂತೆ.

ಅಲ್ಲಿ ನನಗೆ ಹಿಡಿಸಿದವನು ರೇ ಡೇವಿಸ್. ಕಿಂಕ್ಸ್ ಅನ್ನುವ ಮೂರನೆಯ ಮೇಳದವನು. 1966ರಲ್ಲಿ ಬೀಟಲ್ಸಿನ ‘ರಿವಾಲ್ವರ್’ ತಟ್ಟೆ ಬಂದಾಗ ಒಂದು ವಾರಪತ್ರಿಕೆಗಾಗಿ ಕೂತು ಒಂದೊಂದೇ ಹಾಡು ಕೇಳಿ ತೀರ್ಪು ಕೊಟ್ಟ. ಒಂದು ಹಾಡು ಕಸ ಅಂದ. ಇನ್ನೊಂದನ್ನು ಪ್ರಾಥಮಿಕ ಶಾಲೆಯ ಸಂಗೀತ ಮಾಸ್ತರರನ್ನು ಮೆಚ್ಚಿಸಲು ಮಾಡಿದಂತಿದೆ ಅಂದ. ಮತ್ತೊಂದನ್ನು ಬಾಯಿತುಂಬ ಹೊಗಳಿದ. ಅವನ ಎಲ್ಲ ತೀರ್ಪನ್ನೂ ಜಗತ್ತು ಒಪ್ಪಲಿಲ್ಲ. ಅವನು ಕಸ ಅಂದದ್ದನ್ನು ಮಕ್ಕಳು ಇವತ್ತಿಗೂ ಹಾಡುತ್ತಾರೆ. ಆದರೆ ಪೂರಾ ಕೇಳಿದ್ದ, ಹೆಸರು ಹಾಕಿದ್ದ. ಬೀಟಲ್ಸ್ ಮೇಳ ಮುರಿದ ಮೇಲೆ 1970ರಲ್ಲಿ ಲೆನನ್ ಒಂದು ಸಂದರ್ಶನದಲ್ಲಿ ಸ್ಟೋನ್ಸಿನವರು ನಾವು ಮಾಡಿದ್ದನ್ನೇ ಕೆಲವು ತಿಂಗಳ ಮೇಲೆ ಮಾಡುತ್ತಿದ್ದರು ಅಂತ ಹರಿಹಾಯ್ದ. ದೊಡ್ಡ ಹಾಡುಗಾರ ಹೌದು, ಆ ಮಾತಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಕಟ್ಟೆ ಇಳಿದ ಮೇಲೆ ಕೊಟ್ಟ ಜವಾಬು ಅದು.

ದೂರದವರ ಮಾತು ಸಾಕು. ನಮ್ಮ ಜಿಲ್ಲೆಯ ಹಲಸಂಗಿಯಲ್ಲಿ ಖಾಜಾಭಾಯಿ ಲಾವಣಿ ಕಟ್ಟಿದ. ಆ ಊರಿನ ಗೆಳೆಯರ ಬಳಗದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಊರೂರಿನ ಹಾಡು ಬರೆದುಕೊಂಡು 1930ರ ದಶಕದಲ್ಲಿ ಅಚ್ಚು ಹಾಕಿಸಿದರು. ಅತ್ತ ಹುಲಕುಂದದ ಕವಿಗಳು ಇದೇ ದಪ್ಪು ಹಿಡಿದು ಇಂಗ್ರೇಜಿ ಸರಕಾರವನ್ನೇ ಜಾಡಿಸಿದರು. ಬೈಗುಳಕ್ಕೆ ಅಂಥ ಎದುರಾಳಿ ಸಿಕ್ಕ ಕಾಲ ಅದು. ನಿಮಗೆ ಸಿಕ್ಕದ್ದು ಪಕ್ಕದೂರಿನ ಮೇಳ, ಪುಣ್ಯ ಅಂದುಕೊಳ್ಳಿ. ಅವರು ನಿಂತುಹೋದರೆ ನಿಮ್ಮನ್ನು ಯಾರು ಕರೆಯುತ್ತಾರೆ? ಒಂದೇ ಪಕ್ಷದ ಹಾಡು ಕೇಳಲು ರಾತ್ರಿ ನಿದ್ದೆಗೆಡುವವರು ಯಾರೂ ಇಲ್ಲ. ಹಳೇ ಕೊಲ್ಹಾರ ಆಲಮಟ್ಟಿ ಹಿನ್ನೀರಿಗೆ ಹೋದಾಗ ಕೂತು ಕೇಳುವ ಎಷ್ಟೋ ಕಟ್ಟೆ ಹೋದವು. ಇದ್ದ ಎರಡು ಮೇಳದಲ್ಲಿ ಒಂದನ್ನು ನೀವೇ ಕಳೆಯಬೇಡಿ.

ಈ ಸಲ ಎದುರಿನ ಮೇಳಕ್ಕೆ ವೀಳ್ಯ ಕೊಡಲು ಕಮಿಟಿಯವರ ಜೊತೆ ನೀವೂ ಹೋಗಿ. ಆ ಹಾಡುಗಾರ್ತಿ ಬೈದರೆ ಬೈಸಿಕೊಳ್ಳಿ, ಚಹಾ ಕೊಟ್ಟರೆ ಕುಡಿಯಿರಿ. ಅವತ್ತು ನಿಮ್ಮ ಬಾಯಿ ಮುಚ್ಚಿಸಿದ ಪದ ಇದೆಯಲ್ಲ, ಅದನ್ನು ಆಕೆಯ ಹತ್ತಿರವೇ ಕೇಳಿ ಬರೆದುಕೊಂಡು ಬನ್ನಿ, ಮಟ್ಟಿನ ಸಮೇತ. ಕೊಡುತ್ತಾಳೆ, ಗೆದ್ದ ಪದವನ್ನು ಯಾವ ಹಾಡುಗಾರ್ತಿಯೂ ಬಚ್ಚಿಡುವುದಿಲ್ಲ. ಜವಾಬು ಕಟ್ಟಲು ಕೂರುವಾಗ ನನ್ನನ್ನೂ ಕರೆಯಿರಿ, ಗಣಪತಿ ಕಥೆಯಲ್ಲಿ ಇನ್ನೂ ಒಂದು ಒಳದಾರಿ ಇದೆ. ಮತ್ತೆ, ಬ್ಯಾನರಿನಲ್ಲಿ ಎರಡೂ ಮೇಳದ ಹೆಸರು ಒಂದೇ ಅಳತೆಯಲ್ಲಿ ಬರಲಿ ಅಂತ ಪ್ರಿಂಟಿನವನಿಗೆ ಈಗಲೇ ಹೇಳಿಡಿ. ಹೋದ ಸಲ ಅವರದನ್ನು ಮೂಲೆಗೆ ತಳ್ಳಿಸಿದವರು ಯಾರು ಅಂತ ನನಗೆ ಗೊತ್ತು.