ಬೀಡಿಯನ್ನು ಬಿಡುವದೂ ಓಟವನ್ನು ಹಿಡಿಯುವದೂ

ಓದತಕ್ಕ ವೇದಭಾಗಗಳು: ಮತ್ತಾಯ 12: 43–45; 1 ಕೊರಿಂಥ 9: 24–27.



ಹೊಸ ವರುಷದ ಆರಾಧನೆಯಲ್ಲಿ, ಇನ್ನು ಮುಂದೆ ಬೀಡಿಯನ್ನು ಮುಟ್ಟೆವೆಂದು ಪ್ರತಿಜ್ಞೆ ಮಾಡುವವರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ತಿಂಗಳು ತುಂಬುವದರೊಳಗೆ ಮರಳಿ ಬೆಂಕಿಪೆಟ್ಟಿಗೆಯನ್ನು ಹುಡುಕುವವರೂ ಅವರಲ್ಲಿ ಕಡಿಮೆಯಲ್ಲ. ಇಂಥವರನ್ನು ಕಪಟಿಗಳೆಂದು ನಾವು ಹೇಳೆವು. ಅವರ ಮನಸ್ಸು ನಿಜವಾಗಿಯೇ ಇತ್ತು. ಆದರೂ ಬಿದ್ದುಹೋದದ್ದು ಯಾಕೆ? ಈ ತಿಂಗಳ ಪಾಠದಲ್ಲಿ ಇದನ್ನು ವಿಚಾರಿಸೋಣ.

1. ಬರಿದಾದ ಮನೆ

ಮತ್ತಾಯನ ಸುವಾರ್ತೆಯಲ್ಲಿ ನಮ್ಮ ಕರ್ತನು ಒಂದು ಮನೆಯ ವಿಷಯವಾಗಿ ಹೇಳಿದ್ದಾನೆ. ದುರಾತ್ಮವು ಅದನ್ನು ಬಿಟ್ಟುಹೋಯಿತು, ಕಸವೆಲ್ಲಾ ತೆಗೆಯಲ್ಪಟ್ಟಿತು, ಆದರೆ ಒಳಗೆ ವಾಸಿಸುವವರು ಯಾರೂ ಇರಲಿಲ್ಲ. ಆದಕಾರಣ ಹೋದದ್ದು ತಾನೊಂದೇ ಬಾರದೆ, ಜೊತೆಗಾರರನ್ನೂ ಕರಕೊಂಡು ಬಂತು.

ಬೀಡಿ ಸೇದುವವನ ದಿನವನ್ನು ನೋಡಿರಿ. ಎದ್ದೊಡನೆ ಒಂದು, ಚಹಾ ಕುಡಿದ ಮೇಲೆ ಒಂದು, ಹೊಲದಲ್ಲಿ ದಣಿವಾರಿಸುವಾಗ ಒಂದು, ಊಟದ ಬಳಿಕ ಒಂದು, ಸಂಜೆ ಕಟ್ಟೆಯ ಮೇಲೆ ಗೆಳೆಯರ ಸಂಗಡ ಮತ್ತೊಂದು. ಬೀಡಿಯನ್ನು ಬಿಟ್ಟ ದಿನ ಈ ಗಳಿಗೆಗಳೆಲ್ಲಾ ಬರಿದಾಗಿ ನಿಲ್ಲುವವು. ಬರಿದಾದಲ್ಲಿಗೆ ಹಳೆಯ ಒಡೆಯನೇ ತಿರುಗಿ ಬರುವನು. ಆದದರಿಂದ ಬಿಡುವದು ಅರ್ಧ ಕೆಲಸ. ಬಿಟ್ಟದ್ದರ ಸ್ಥಳದಲ್ಲಿ ಒಳ್ಳೇದನ್ನು ಇರಿಸುವದು ಮಿಕ್ಕ ಅರ್ಧ. ಪ್ರಾರ್ಥನೆಯೊಡನೆ ದೇಹಕ್ಕೂ ಒಂದು ಕೆಲಸ ಬೇಕು. ಬೆಳಗಿನ ಓಟವನ್ನು ನಾವು ಸೂಚಿಸುತ್ತೇವೆ.

2. ಕೊರಿಂಥದ ಓಟಗಾರರು

ಅಪೊಸ್ತಲನಾದ ಪೌಲನು ಕ್ರಿ.ಶ. 50ರ ಸುಮಾರಿಗೆ ಕೊರಿಂಥಕ್ಕೆ ಬಂದು, ಅಲ್ಲಿ ಒಂದೂವರೆ ವರುಷ ಇದ್ದನು. ಆ ಪಟ್ಟಣದ ಸಮೀಪದಲ್ಲಿ ಎರಡು ವರುಷಗಳಿಗೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನಿಗೆ ದೊರೆಯುತ್ತಿದ್ದದ್ದು ಎಲೆಗಳ ಕಿರೀಟ. ಓಟಗಾರನು ಆಹಾರಪಾನಗಳಲ್ಲಿ ತನ್ನನ್ನು ಬಿಗಿಹಿಡಿದದ್ದು ಬರೇ ಬಿಡಬೇಕೆಂಬ ಹಟದಿಂದಲ್ಲ. ಅವನ ಮುಂದೆ ಒಂದು ಗುರಿ ಇತ್ತು. ಗುರಿ ಇರುವವನಿಗೆ ಬಿಡುವದು ಸುಲಭವೆಂಬದನ್ನು ಇದರಿಂದ ಕಲಿಯಬಹುದು.

ಹೊಗೆಸೊಪ್ಪನ್ನು ವೇದದಲ್ಲಿ ನಿಷೇಧಿಸಿಲ್ಲವೆಂದು ಕೆಲವರು ವಾದಿಸುವದುಂಟು. ಅದು ಅಮೆರಿಕಾ ಖಂಡದ ಗಿಡ. 1492ರಲ್ಲಿ ಕೊಲಂಬಸನು ಅಲ್ಲಿಗೆ ಹೋಗುವ ತನಕ ನಮ್ಮ ಕಡೆಯವರು ಅದನ್ನು ಕಂಡವರಲ್ಲ. ಅಕ್ಬರನ ಆಸ್ಥಾನಿಕನಾದ ಅಸದ್ ಬೇಗನು ನಮ್ಮ ವಿಜಾಪುರದಲ್ಲಿ ಅದನ್ನು ನೋಡಿ, ಬಾದಶಹನಿಗೆ ತೋರಿಸಲು ಕೊಂಡುಹೋದದ್ದು 1604ರ ಸುಮಾರಿನಲ್ಲಿ. ಇಲ್ಲದ ವಸ್ತುವಿನ ಹೆಸರು ವೇದದಲ್ಲಿ ಬರುವದು ಹೇಗೆ? ದೇಹವು ದೇವರ ಆಲಯವೆಂಬ ಉಪದೇಶವು ನಮಗೆ ಸಾಕು.

3. ಉಸಿರಿನ ಲೆಕ್ಕ

ಬೀಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಇದೆ. ನಮ್ಮ ರಕ್ತವು ಪ್ರಾಣವಾಯುವಿಗಿಂತ 200 ಪಾಲಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಕಾಳು ತುಂಬಬೇಕಾದ ಗಾಡಿಯಲ್ಲಿ ಕಲ್ಲು ತುಂಬಿದರೆ ಮನೆಗೆ ಏನು ಬಂದೀತು? ಸೇದುವವನು ನಾಲ್ಕು ಹೆಜ್ಜೆ ಓಡುವದರೊಳಗೆ ಏದುಸಿರು ಬಿಡುವದಕ್ಕೆ ಇದೊಂದು ಕಾರಣ. ಎಲೆಯಲ್ಲಿ ಸುತ್ತಿದ ಬೀಡಿಯು ಸಿಗರೇಟಿಗಿಂತ ಸೌಮ್ಯವೆಂಬದು ಸುಳ್ಳು. ಅದು ಬೇಗ ಆರುವದರಿಂದ ಹೆಚ್ಚು ಸಾರಿ, ಹೆಚ್ಚು ಜೋರಾಗಿ ಎಳೆಯಬೇಕಾಗುತ್ತದೆ.

ಬಿಟ್ಟವನಿಗೆ ಆಗುವ ಲಾಭವನ್ನೂ ಕೇಳಿರಿ. 20 ನಿಮಿಷಗಳಲ್ಲಿ ಹೃದಯದ ಬಡಿತವು ಇಳಿಯುತ್ತದೆ. ಸುಮಾರು 12 ತಾಸುಗಳಲ್ಲಿ ರಕ್ತದಲ್ಲಿರುವ ಆ ವಿಷವಾಯುವು ಸಾಮಾನ್ಯ ಮಟ್ಟಕ್ಕೆ ಬರುತ್ತದೆ. 2ರಿಂದ 12 ವಾರಗಳೊಳಗೆ ರಕ್ತದ ಓಟವೂ ಶ್ವಾಸಕೋಶದ ಶಕ್ತಿಯೂ ಉತ್ತಮವಾಗುತ್ತವೆ. ಓಡುವವನು ಇದನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ. ಕಳೆದ ತಿಂಗಳು ನಿಂತುಬಿಟ್ಟ ಮರದ ಬಳಿ ಈ ತಿಂಗಳು ನಿಲ್ಲದೆ ಮುಂದಕ್ಕೆ ಹೋದಾಗ, ಅವನ ಉಸಿರೇ ಅವನಿಗೆ ಸಾಕ್ಷಿ ಹೇಳುವದು.

ವಯಸ್ಸಾಯಿತು, ಇನ್ನು ಬಿಟ್ಟು ಫಲವೇನು ಎನ್ನುವ ಹಿರಿಯರಿಗೆ ಒಂದು ಮಾತು. ಬ್ರಿಟನ್ ದೇಶದ ವೈದ್ಯರ ಆರೋಗ್ಯವನ್ನು 1951ರಿಂದ 50 ವರುಷ ಪರೀಕ್ಷಿಸಿ, 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 60ನೆಯ ವಯಸ್ಸಿನಲ್ಲಿ ಸಿಗರೇಟು ಬಿಟ್ಟವರಿಗೆ ಸುಮಾರು 3 ವರುಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ 9, 30ರಲ್ಲಿ 10 ವರುಷ ಆಯುಷ್ಯವು ಉಳಿಯಿತು.

4. ನಡೆಯತಕ್ಕ ಕ್ರಮ

ಒಂದು ದಿನವನ್ನು ಗೊತ್ತುಮಾಡಿ ಮನೆಯವರಿಗೆ ತಿಳಿಸಿರಿ. ಆ ದಿನ ಬೀಡಿಯ ಕಟ್ಟನ್ನು ಮನೆಯಿಂದ ಹೊರಗೆ ಹಾಕಿರಿ. ಮೊದಲಿನ ಎರಡು ಮೂರು ದಿನಗಳು ಅತಿ ಕಷ್ಟ. ಸಿಟ್ಟು ಬರುವದು, ನಿದ್ರೆ ಕೆಡುವದು. ಆದರೆ ಪ್ರತಿ ಚಪಲವೂ ಕೆಲವು ನಿಮಿಷಗಳಲ್ಲಿ ತಾನೇ ಇಳಿಯುತ್ತದೆ. ಆಗ ನೀರು ಕುಡಿದು ಎದ್ದು ಬಿರುಸಾಗಿ ನಡೆಯಿರಿ. ನಡೆಯುವಾಗ ಚಪಲವು ತಗ್ಗುವದೆಂದು ಪರೀಕ್ಷಿಸಿದವರು ಕಂಡಿದ್ದಾರೆ.

ಮೊದಲನೆಯ ವಾರ ಕೆರೆಯ ಏರಿಯ ಮೇಲೆ ಅರ್ಧ ತಾಸು ನಡೆದರೆ ಸಾಕು. ಬಳಿಕ ದಿನ ಬಿಟ್ಟು ದಿನ, ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಿರಿ. ವಾರ ವಾರಕ್ಕೆ ಓಟವನ್ನು ಹೆಚ್ಚಿಸಿರಿ. ಜೊತೆಗಾರನ ಸಂಗಡ ಮಾತಾಡಲಾಗದಷ್ಟು ವೇಗ ಬೇಡ. ಎದೆನೋವು, ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಇರುವವರೂ ವಯಸ್ಸಾದವರೂ ಮೊದಲು ವೈದ್ಯರನ್ನು ಕಾಣಬೇಕು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫವನ್ನು ಪರೀಕ್ಷೆ ಮಾಡಿಸಿಕೊಳ್ಳಿರಿ. ಕ್ಷಯರೋಗದ ಈ ಪರೀಕ್ಷೆಗೆ ಹಣವಿಲ್ಲ. ಬಿಡಲು ಸಹಾಯ ಬೇಕಾದವರು, ಸರಕಾರವು 2016ರಲ್ಲಿ ಆರಂಭಿಸಿದ 1800-11-2356 ಎಂಬ ಉಚಿತ ದೂರವಾಣಿಯನ್ನು ಕೇಳಬಹುದು.

ಹೊಲದಲ್ಲಿ ದುಡಿಯುವವರಿಗೆ ಓಟವೇಕೆ ಎಂದು ಕೇಳುವಿರೋ? ದುಡಿತದ ನಡುವಣ ವಿರಾಮಕ್ಕೆ ಬೀಡಿಯು ಗಂಟುಬಿದ್ದಿದೆ. ಓಟದ ಗಳಿಗೆಗೆ ಅದು ಗಂಟುಬಿದ್ದಿಲ್ಲ. ಇನ್ನು, ಓಡಿದ್ದರಿಂದ ಸೇದಿದ್ದರ ಕೇಡು ಪರಿಹಾರವಾಗುವದೆಂದು ಯಾರೂ ಎಣಿಸಬಾರದು. ಬೀಡಿಗೆ ಬದಲು ಹೊಗೆಸೊಪ್ಪನ್ನು ಜಗಿಯುವದೂ ಬಿಟ್ಟಂತಲ್ಲ.

5. ಸಭೆಯ ಕರ್ತವ್ಯ

ಬೀಡಿ ಬಿಟ್ಟದ್ದರಿಂದ ನಮಗೆ ರಕ್ಷಣೆಯಿಲ್ಲ, ರಕ್ಷಣೆಯು ಕೃಪೆಯಿಂದಲೇ. ಆದದರಿಂದ ಬಿಟ್ಟವನು ಹೆಚ್ಚಳಪಡದಿರಲಿ. ಬಿದ್ದವನನ್ನು ಯಾರೂ ಹೀನೈಸದಿರಲಿ. ಅನೇಕರು ಹಲವು ಸಾರಿ ಯತ್ನಿಸಿದ ಮೇಲೆಯೇ ಪೂರ್ಣವಾಗಿ ಬಿಡುತ್ತಾರೆ. ಬಿದ್ದ ಸಹೋದರನ ಬಾಗಲಿಗೆ ಮರುದಿನ ಮುಂಜಾನೆ ಹೋಗಿ, “ಅಣ್ಣಾ, ಏಳು, ಏರಿಯ ತನಕ ಹೋಗಿಬರೋಣ” ಎಂದು ಕರೆಯುವವನೇ ಅವನಿಗೆ ನಿಜವಾದ ನೆರೆಯವನು.

ಆಲೋಚನೆಗೆ ಪ್ರಶ್ನೆಗಳು:

1. ಗುಡಿಸಿದ ಮನೆಗೆ ದುರಾತ್ಮವು ತಿರುಗಿ ಬಂದದ್ದು ಯಾಕೆ?
2. ನಿಮ್ಮ ದಿನದಲ್ಲಿ ಬೀಡಿಗೆ ಮೀಸಲಾದ ಗಳಿಗೆಗಳು ಯಾವವು? ಅವುಗಳಲ್ಲಿ ಏನನ್ನು ಇರಿಸುವಿರಿ?
3. ಈ ವಾರ ನೀವು ಯಾರನ್ನು ಜೊತೆಗೆ ಕರೆಯುವಿರಿ?