ಜೀಪು ನಡುಗಿದ್ದು ಯಾಕೆ?



ನಮ್ಮ ದೊಡ್ಡಪ್ಪನ ಹಳೇ ಡೀಸೆಲ್ ಜೀಪು ನಿಮಗೆಲ್ಲ ಗೊತ್ತೇ ಇದೆ. ಊರಿನ ಅರ್ಧ ಜನ ಸಂತೆಗೆ, ಆಸ್ಪತ್ರೆಗೆ ಹೋಗುವುದು ಅದರಲ್ಲೇ. ಹೋದ ಬೇಸಿಗೆಯಲ್ಲಿ ಅದಕ್ಕೆ ನಡುಕ ಹತ್ತಿತು. ಓಡುವಾಗ ಅಷ್ಟಿಲ್ಲ. ಗಾಡಿ ನಿಲ್ಲಿಸಿ, ಆಕ್ಸಿಲರೇಟರ್ ಒತ್ತದೆ ಇಂಜಿನ್ ಚಾಲೂ ಬಿಟ್ಟರೆ ಮಾತ್ರ ಗೇರ್ ಕಡ್ಡಿ ಗಡಗಡ, ಸೀಟು ಗಡಗಡ. ನಮ್ಮ ಅಜ್ಜಿಯ ಕನ್ನಡಕ ಮೂಗಿನಿಂದ ಜಾರಿ ಬೀಳುತ್ತಿತ್ತು. "ಇದ್ರಲ್ಲಿ ಕೂತ್ರೆ ಸೊಂಟ ಉಳಿಯಲ್ಲ" ಅಂತ ಜನ ಬೇರೆ ಗಾಡಿ ಹತ್ತತೊಡಗಿದರು.

ಒಂದು ಗ್ಯಾರೇಜಿನವರು ನಾಝಲ್ ಕೆಟ್ಟಿದೆ ಅಂದರು, ಪಂಪು ಬಿಚ್ಚಿದರು. ಎರಡು ಕುರಿ ಮಾರಿದ ದುಡ್ಡು ಅಲ್ಲಿಗೆ ಹೋಯಿತು. ನಡುಕ ಹೋಗಲಿಲ್ಲ. ಆಮೇಲೆ "ಇಂಜಿನ್ನೇ ಬಿಚ್ಚಬೇಕು" ಅಂದರು. ಅದಕ್ಕೆ ಸಾಲ ಮಾಡಬೇಕಿತ್ತು. ಸಾಲ ಮಾಡುವ ಮುಂಚೆ ದೊಡ್ಡಪ್ಪ ಸಂತೆ ಊರಿನ ವಯಸ್ಸಾದ ಮೇಸ್ತ್ರಿ ಒಬ್ಬರಿಗೆ ತೋರಿಸಿದರು. ಅವತ್ತು ರಜ, ನಾನೂ ಹೋಗಿದ್ದೆ.

ಮೇಸ್ತ್ರಿ ಯಾವ ಸ್ಪಾನರನ್ನೂ ಮುಟ್ಟಲಿಲ್ಲ. ಹಿಂದೆ ಹೋಗಿ ಸೈಲೆನ್ಸರ್ ಹತ್ತಿರ ಕಿವಿ ಕೊಟ್ಟು ನಿಂತರು. ನನ್ನನ್ನೂ ಕರೆದು "ಕೇಳವ್ವಾ, ತಾಳ ತಪ್ತಾ ಇದೆಯಾ?" ಅಂದರು. ತಪ್ಪುತ್ತಿರಲಿಲ್ಲ. ಒಂದೇ ಸಮನೆ ಡುಗುಡುಗು ಅನ್ನುತ್ತಿತ್ತು. ಇಂಜಿನ್ ಮಿಸ್ ಹೊಡೆಯುತ್ತಿದ್ದರೆ ನಡುನಡುವೆ ಒಂದು ಏಟು ಬಿಟ್ಟುಹೋದ ಹಾಗೆ ಕೇಳುತ್ತದಂತೆ. ಆಗ ಮೊದಲು ಇಂಜಿನ್ನನ್ನೇ ನೋಡಬೇಕು. ಇಂಜಿನ್ ತೀರಾ ನಿಧಾನ ತಿರುಗುವ ಹಾಗೆ ಇಟ್ಟಿದ್ದರೂ ನಡುಗುತ್ತದೆ. ಅವರು ಅದನ್ನೂ ನೋಡಿದರು, ಸರಿಯಿತ್ತು. "ಯಜಮಾನ್ರೇ, ಇಂಜಿನ್ನಿಗೆ ಏನೂ ಆಗಿಲ್ಲ. ಅದು ಕೂತಿರೋ ಜಾಗ ಹಾಳಾಗಿದೆ" ಅಂದರು.

ಇಂಜಿನ್ ನೇರವಾಗಿ ಗಾಡಿಯ ಕಬ್ಬಿಣದ ಛಾಸಿ ಮೇಲೆ ಕೂರುವುದಿಲ್ಲ. ನಡುವೆ ದಪ್ಪ ರಬ್ಬರಿನ ತುಂಡುಗಳಿರುತ್ತವೆ. ರಬ್ಬರಿನ ಎರಡು ಕಡೆಗೂ ಕಬ್ಬಿಣದ ತಗಡು ಅಂಟಿರುತ್ತದೆ, ಅದಕ್ಕೆ ಬೋಲ್ಟು. ಇದನ್ನು ಇಂಜಿನ್ ಮೌಂಟಿಂಗ್ ಅನ್ನುತ್ತಾರೆ, ಗ್ಯಾರೇಜಿನಲ್ಲಿ ಫೌಂಡೇಶನ್ ರಬ್ಬರ್ ಅಂತಲೂ ಅನ್ನುತ್ತಾರೆ. ಮನೆಯ ಮಿಕ್ಸಿಯ ಕೆಳಗಿನ ರಬ್ಬರ್ ಕಾಲು ನೆನಪು ಮಾಡಿಕೊಳ್ಳಿ. ಒಂದು ಕಾಲು ಬಿದ್ದುಹೋದರೆ ಮಿಕ್ಸಿ ಕಟ್ಟೆ ಮೇಲೆ ನಡೆದಾಡುತ್ತದೆ. ಆದರೆ ಮಿಕ್ಸಿಯ ಮೋಟರ್ ಕೆಟ್ಟಿರುವುದಿಲ್ಲ!

ಈಗ ಒಂದು ಲೆಕ್ಕ. ಜೀಪಿನ ಇಂಜಿನ್ನಿಗೆ 4 ಸಿಲಿಂಡರ್. ಒಂದೊಂದು ಸಿಲಿಂಡರಿನಲ್ಲೂ ಇಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಲ ಡೀಸೆಲ್ ಉರಿಯುತ್ತದೆ. ನಿಮಿಷಕ್ಕೆ 750 ಸುತ್ತು ಎಂದರೆ ಒಂದು ಸಿಲಿಂಡರಿಗೆ 375, ನಾಲ್ಕಕ್ಕೆ 1500. ಅಂದರೆ ಸೆಕೆಂಡಿಗೆ 25 ಏಟು. ರಬ್ಬರ್ ಚೆನ್ನಾಗಿದ್ದರೆ ಆ ಏಟನ್ನು ನುಂಗಿಕೊಳ್ಳುತ್ತದೆ. ಹರಿದರೆ ಅಥವಾ ಕಲ್ಲಿನಂತೆ ಗಟ್ಟಿಯಾದರೆ 25 ಏಟೂ ಸೀದಾ ಛಾಸಿಗೆ, ಅಲ್ಲಿಂದ ಅಜ್ಜಿಯ ಕನ್ನಡಕಕ್ಕೆ. ಜೋರಾಗಿ ತಿರುಗುವಾಗ ಏಟುಗಳು ಬಹಳ ಬೇಗ ಬೇಗ ಬರುವುದರಿಂದ ಭಾರದ ಇಂಜಿನ್ ಅಷ್ಟು ಬೇಗ ಆಚೀಚೆ ತೂಗಲಾರದು. ಅದಕ್ಕೇ ಓಡುವಾಗ ನಡುಕ ಕಡಿಮೆ. ಗುರುತು ಇನ್ನೊಂದಿದೆ: ಇಂಜಿನ್ ಚಾಲೂ ಮಾಡಿದಾಗ, ಆಫ್ ಮಾಡಿದಾಗ "ದಡ್" ಅಂತ ಸದ್ದು. ನಮ್ಮ ಜೀಪಿಗೆ ಇದೂ ಇತ್ತು, ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ.

ಆಮೇಲೆ ಬಾನೆಟ್ ಎತ್ತಿದರು. ದೊಡ್ಡಪ್ಪ ಬ್ರೇಕ್ ಗಟ್ಟಿಯಾಗಿ ಒತ್ತಿಹಿಡಿದು ಒಂದನೇ ಗೇರ್ ಹಾಕಿ ಕ್ಲಚ್ ಸ್ವಲ್ಪವೇ ಬಿಟ್ಟರು, ಆಮೇಲೆ ರಿವರ್ಸ್ ಹಾಕಿಯೂ ಹಾಗೇ ಮಾಡಿದರು. ನಾವು ಪಕ್ಕದಲ್ಲಿ ನಿಂತೆವು. ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು, ಮಕ್ಕಳು ಇದನ್ನು ಮಾಡಲೇಬಾರದು. ಇಂಜಿನ್ ಎಡಗಡೆ ಎರಡು ಬೆರಳಷ್ಟು ಮೇಲೆದ್ದು ದಡ್ ಅಂತ ಕೂತಿತು! ಚೆನ್ನಾಗಿರುವ ಬಲಗಡೆ ಸ್ವಲ್ಪವೇ ಅಲುಗಿತು.

ಬಿಚ್ಚುವಾಗ ಮೊದಲು ಬ್ಯಾಟರಿ ವೈರು ತೆಗೆದರು, ಚಕ್ರಗಳಿಗೆ ಕಲ್ಲು ಕೊಟ್ಟರು. ಇಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಜಾಕಿ ಕೊಟ್ಟರು, ಆದರೆ ನಡುವೆ ಅಗಲವಾದ ಮರದ ಹಲಗೆ ಇಟ್ಟರು. ಇಲ್ಲದಿದ್ದರೆ ತಗಡು ತಗ್ಗಾಗುತ್ತದೆ. ನಟ್ಟು ಬಿಚ್ಚಿ, ಮೌಂಟಿಂಗ್ ಹೊರಗೆ ಬರುವಷ್ಟು ಮಾತ್ರ ಇಂಜಿನ್ ಎತ್ತಿದರು. ಫ್ಯಾನ್ ರೇಡಿಯೇಟರಿಗೆ ತಾಗುತ್ತದೋ, ಪೈಪು ಎಳೆಯುತ್ತದೋ ಎಂದು ನೋಡುತ್ತಾ ಇರುವ ಕೆಲಸ ನನ್ನದು.

ಹಳೇ ಮೌಂಟಿಂಗ್ ನನ್ನ ಕೈಗೆ ಕೊಟ್ಟರು. ರಬ್ಬರ್ ತಗಡಿನಿಂದ ಪೂರ್ತಿ ಕಿತ್ತುಬಂದಿತ್ತು. ಊದಿಕೊಂಡು ಜೋನಿಬೆಲ್ಲದ ಹಾಗೆ ಅಂಟುಅಂಟಾಗಿತ್ತು. ಮೇಲೆ ಒಂದು ಪ್ಯಾಕಿಂಗ್ ಸೋರಿ, ಆಯಿಲ್ ತೊಟ್ಟುತೊಟ್ಟಾಗಿ ಅದರ ಮೇಲೇ ಬೀಳುತ್ತಿತ್ತು. ರಬ್ಬರಿಗೆ ಎಣ್ಣೆ ವೈರಿ. ನಾನು ಮನೆಯಲ್ಲಿ ಒಂದು ರಬ್ಬರ್ ಬ್ಯಾಂಡನ್ನು ಡೀಸೆಲಿನಲ್ಲಿ ಹಾಕಿಟ್ಟೆ. ಮಾರನೆಯ ದಿನಕ್ಕೆ ಉದ್ದವೂ ದಪ್ಪವೂ ಆಗಿತ್ತು, ಎಳೆದರೆ ಪಟ್ಟನೆ ಹರಿಯಿತು. ನೀರಿನಲ್ಲಿ ಹಾಕಿದ್ದು ಹಾಗೇ ಇತ್ತು.

ದೊಡ್ಡಪ್ಪ "ಹಳೇ ಟೈರ್ ತುಂಡು ಕೊಯ್ದು ಇಟ್ರೆ ಆಗಲ್ವಾ?" ಅಂತ ಕೇಳಿದರು. "ಮನೆ ಮುಟ್ಟೋಕೆ ಆಗುತ್ತೆ, ಆಮೇಲೆ ಮತ್ತೆ ಇಲ್ಲಿಗೇ ಬರ್ತೀರ" ಅಂದರು ಮೇಸ್ತ್ರಿ. ಬಲಗಡೆಯದು ಹರಿದಿರದಿದ್ದರೂ ಕುಗ್ಗಿತ್ತು. ಒಂದು ಹೊಸದು ಒಂದು ಹಳೇದು ಹಾಕಿದರೆ ಇಂಜಿನ್ ಓರೆಯಾಗಿ ಕೂರುತ್ತದೆ ಎಂದು ಎರಡನ್ನೂ ಬದಲಾಯಿಸಿದರು. ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ, ಜಾಕಿ ಇಳಿಸಿ, ಇಂಜಿನ್ನಿನ ಭಾರ ಕೂತ ಮೇಲೆಯೇ ಬಿಗಿ ಮಾಡಿದರು. ಸೋರುವ ಪ್ಯಾಕಿಂಗನ್ನೂ ಹೊಸದು ಹಾಕಿದರು.

ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಗಟ್ಟಿಮುಟ್ಟಾಗುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಹಿಡಿದರು. 1931ರಲ್ಲಿ ಅಲ್ಲಿನ ಪ್ಲಿಮತ್ ಕಾರಿನಲ್ಲಿ 4 ಸಿಲಿಂಡರ್ ಇಂಜಿನ್ನನ್ನು ರಬ್ಬರ್ ಮೇಲೆ ತೂಗುವಂತೆ ಕೂರಿಸಿ, ಅದನ್ನೇ ದೊಡ್ಡದಾಗಿ ಜಾಹೀರಾತು ಮಾಡಿದ್ದರು. ನಮ್ಮ ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟಗಳಿವೆ.

ಎಲ್ಲ ಸೇರಿ ಒಂದು ಕುರಿಯ ಬೆಲೆಯೂ ಆಗಲಿಲ್ಲ. ಈಗ ಬಾನೆಟ್ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲುವುದಿಲ್ಲ, ಸಣ್ಣ ಅಲೆ ಮಾತ್ರ ಏಳುತ್ತದೆ. ಗೇರ್‌ಬಾಕ್ಸ್ ಕೆಳಗಿನ ಮೂರನೇ ರಬ್ಬರ್ ಇನ್ನೂ ಹಳೇದೇ. ಸುಗ್ಗಿ ಆದಮೇಲೆ ಹಾಕಿಸ್ತೀನಿ ಅಂದಿದ್ದಾರೆ ದೊಡ್ಡಪ್ಪ. ಕಿತ್ತುಬಂದ ಮೌಂಟಿಂಗನ್ನು ವಿಜ್ಞಾನದ ಬೀರುವಿನಲ್ಲಿ ಇಟ್ಟಿದ್ದೇನೆ. ನೋಡಬಹುದು, ಆದರೆ ಬಟ್ಟೆಗೆ ಅಂಟುತ್ತದೆ.

— 7ನೇ ತರಗತಿ ವಿದ್ಯಾರ್ಥಿನಿ